ಕೊನೆಯ ಸ್ಥಳ: ಈಜುಕೊಳ

ನಾನು ಒಂದು ಮೊಬೈಲ್ ಫೋನು. ಕಾರ್ಖಾನೆಯೊಂದರ ಸಾಲು ದೀಪಗಳ ಕೆಳಗೆ ಹುಟ್ಟಿದೆ. ಬಿಳಿ ಕೈಗವಸು ತೊಟ್ಟ ಹೆಣ್ಣುಮಗಳೊಬ್ಬಳು ನನ್ನ ಗಾಜು ಒರೆಸಿ, ಗಳಿಗೆ ಹೊತ್ತು ಅದರಲ್ಲಿ ತನ್ನ ಮುಖ ನೋಡಿಕೊಂಡು, ಡಬ್ಬಿಗೆ ಹಾಕಿದಳು. ಮತ್ತೆ ಕಣ್ಣು ತೆರೆದಾಗ ಹುಬ್ಬಳ್ಳಿಯ ಬಸವಪ್ರಭುವಿನ ಅಂಗೈಯಲ್ಲಿದ್ದೆ.

ಬಸವಪ್ರಭು ಫ್ಯಾನು, ಮಿಕ್ಸರ್ ರಿಪೇರಿ ಮಾಡುವವನು. ಎರಡು ವರ್ಷ ಅವನ ಜೇಬಿನಲ್ಲಿದ್ದೆ. ಸುಟ್ಟ ತಂತಿಯ ವಾಸನೆ ನನಗೆ ಒಗ್ಗಿಹೋಗಿತ್ತು. ಹೊಸ ಫೋನು ಕೊಂಡಾಗ ನನ್ನನ್ನು ತಾಯಿ ಇಂದುಮತಿಯವರಿಗೆ ಕೊಟ್ಟ. ಕೊಡುವ ಮುನ್ನ, ಮನೆಯವರು ಎಲ್ಲಿದ್ದಾರೆಂದು ತೋರಿಸುವ ಆ್ಯಪ್ ಒಂದನ್ನು ನನ್ನೊಳಗೆ ಹಾಕಿದ. ತಾಯಿಗೆ ಹೇಳಲಿಲ್ಲ. ಕೆಟ್ಟ ಮನಸ್ಸೇನಿರಲಿಲ್ಲ. ಅವನು ಹನ್ನೊಂದು ವರ್ಷದವನಿದ್ದಾಗ, ಹೊಳೆಗೆ ಸ್ನಾನಕ್ಕೆ ಇಳಿದ ತಂದೆ ಮೇಲೆ ಬರಲೇ ಇಲ್ಲ. ಅಂದಿನಿಂದ ಮನೆಯವರು ಹತ್ತು ನಿಮಿಷ ತಡವಾದರೂ ಅವನ ಜೀವ ಬಾಯಿಗೆ ಬರುತ್ತಿತ್ತು.

ಇಂದುಮತಿಯವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದವರು. ನನ್ನ ಮೇಲೆ ಮೂಡುವ ಪ್ರತಿ ಸಾಲನ್ನೂ ಕನ್ನಡಕ ಏರಿಸಿ ಪೂರ್ತಿ ಓದುತ್ತಿದ್ದರು. ಅವರದೂ ಒಂದು ಗುಟ್ಟಿತ್ತು. ಅರವತ್ತೊಂದರ ವಯಸ್ಸಿನಲ್ಲಿ, ಮಗನಿಗೆ ಭಜನೆ ಎಂದು ಹೇಳಿ, ವಾರಕ್ಕೆ ಮೂರು ಮಧ್ಯಾಹ್ನ ಹೆಂಗಸರ ಈಜು ತರಗತಿಗೆ ಹೋಗುತ್ತಿದ್ದರು. ಆಗೆಲ್ಲ ನಾನು ಕೊಳದ ಪಕ್ಕದ ಬೆಂಚಿನ ಮೇಲೆ, ಬಟ್ಟೆ ಚೀಲದ ಬಾಯಲ್ಲಿ ಕೂತಿರುತ್ತಿದ್ದೆ. ಅವರು ಎಂದೂ ತಡಮಾಡದೆ ಮನೆ ಸೇರುತ್ತಿದ್ದುದರಿಂದ ಮಗನಿಗೆ ಆ್ಯಪ್ ತೆರೆದು ನೋಡುವ ಪ್ರಸಂಗ ಬಂದಿರಲಿಲ್ಲ.

ಒಂದು ಬುಧವಾರ ಅವರು ನೀರಿಗೆ ಇಳಿಯುವ ಮುಂಚೆ ನನ್ನ ಮೇಲೊಂದು ಸೂಚನೆ ಮೂಡಿತು. ಆ ಆ್ಯಪ್ ಹಿನ್ನೆಲೆಯಲ್ಲಿ ನಿಮ್ಮ ಸ್ಥಳವನ್ನು ಬಳಸುತ್ತಿದೆ, ಎಂದು. ಅವರು ಎರಡು ಸಲ ಓದಿ, ಒತ್ತಿ ನೋಡಿದರು. ನಕ್ಷೆಯ ಮೇಲೆ ಅವರ ಚುಕ್ಕೆ. ಅದನ್ನು ನೋಡಬಲ್ಲವರ ಪಟ್ಟಿಯಲ್ಲಿ ಮಗನ ಹೆಸರೊಂದೇ.

"ಮೂವತ್ತು ವರ್ಷ ಮಂದಿ ಲೈನ್ ಜೋಡಿಸೀನ್ರಿ, ಒಂದ ಮಾತು ಕದ್ದು ಕೇಳಿಲ್ಲ. ನನ್ನ ಮಗಾನ ನನ್ನ ಹಿಂದ ಕಣ್ಣಿಟ್ಟಾನ ನೋಡ್ರಿ!" ಈಜು ಕಲಿಸುವ ರೆಹಾನಾ ಅವರಿಗೆ ನನ್ನನ್ನು ತೋರಿಸಿ ಹೇಳಿದರು.

"ಅದನ್ನ ಆಮ್ಯಾಲ ಕೇಳೀರಂತ, ಈಗ ಬರ್ರಿ ಅಕ್ಕಾರ," ಎಂದರು ರೆಹಾನಾ.

ಇಂದುಮತಿಯವರು ಸ್ಥಳ ತಿಳಿಸುವುದು 'ಆ್ಯಪ್ ಬಳಸುವಾಗ ಮಾತ್ರ' ಎಂಬುದನ್ನು ಗಟ್ಟಿಯಾಗಿ ಒತ್ತಿ, ನೀರಿಗಿಳಿದರು.

ಸ್ವಲ್ಪ ಹೊತ್ತಿಗೆ ಮಗನ ಕರೆ ಬಂತು. ಅಂಗಡಿಯ ಬೀಗದ ಕೈ ಎಲ್ಲಿದೆ ಎಂದು ಕೇಳಲಿಕ್ಕಿತ್ತೇನೋ. ಮೂರು ಸಲ ರಿಂಗಾದೆ. ಎತ್ತುವವರಿಲ್ಲ. ಗಾಬರಿಯಾಗಿ ಅವನು ಆ್ಯಪ್ ತೆರೆದಿದ್ದಾನೆ. ಚುಕ್ಕೆ ನಿಂತುಹೋಗಿದೆ. ಕೊನೆಯ ಸ್ಥಳ: ಈಜುಕೊಳ.

ಕಾಲು ಗಂಟೆಯಲ್ಲಿ ಗೇಟಿನಾಚೆ "ಅವ್ವಾ! ಅವ್ವಾ!" ಎಂದು ಕೂಗು ಕೇಳಿಸಿತು. ಹೆಂಗಸರ ಹೊತ್ತು ಎಂದು ಕಾವಲಿನಾಕೆ ತಡೆದಳು. ಅವನು ಗೇಟಿನ ಸರಳು ಹಿಡಿದು ಮತ್ತೆ ಕೂಗಿದ. ಅಷ್ಟರಲ್ಲಿ ಆಚೆ ದಡದಿಂದ ಅವನ ತಾಯಿ ಕೈಕಾಲು ಬಡಿಯುತ್ತ, ಏದುಸಿರು ಬಿಡುತ್ತ, ಯಾರ ಆಸರೆಯೂ ಇಲ್ಲದೆ ಕೊಳದ ಅಗಲ ದಾಟಿ ಈಚೆ ದಡ ಹಿಡಿದರು. ಹಾಗೆ ದಾಟಿದ್ದು ಅದೇ ಮೊದಲು.

ಟವೆಲ್ ಹೊದ್ದು ಗೇಟಿಗೆ ಬಂದಾಗ ಮಗ ಅಳುತ್ತಿದ್ದ.

"ನೀರಿಗೆ ಯಾಕ ಇಳದಿ ಅವ್ವಾ? ನನಗ ಒಂದು ಮಾತು ಹೇಳಬಾರದಿತ್ತ?"

"ನೀನು ನನಗ ಹೇಳಿದ್ಯೇನು?"

ಅವನು ತಲೆ ತಗ್ಗಿಸಿದ. "ಅಂಜಿಕಿ ಆಗತೈತಿ."

"ನನಗೂ ಇತ್ತಪ್ಪ. ಇಪ್ಪತ್ತು ವರ್ಷ ನೀರು ಕಂಡ್ರ ಕಾಲು ನಡಗತಿದ್ದವು. ಅಂಜಿಕೊಂಡ ಸಾಯೂದು ಬ್ಯಾಡ ಅಂತ ಬಂದೆ." ಸರಳಿನ ನಡುವಿಂದ ಅವನ ಕಣ್ಣು ಒರೆಸಿದರು. "ಎಲ್ಲಿಗೆ ಹೊಂಟೀನಿ ಅಂತ ಇನ್ನ ನಾನ ಹೇಳಿ ಹೋಗತೀನಿ. ನೀ ಕೇಳು, ಕದ್ದು ನೋಡಬ್ಯಾಡ."

ಆ ಸಂಜೆ ಅವನೇ ಆ ಆ್ಯಪನ್ನು ನನ್ನಿಂದ ಕಿತ್ತುಹಾಕಿದ. ನನಗೂ ಮೈ ಹಗುರಾಯಿತು.

ಈಗ ನನಗೆ ವಯಸ್ಸಾಗಿದೆ. ಬ್ಯಾಟರಿ ಅರ್ಧ ಗಂಟೆಯೂ ನಿಲ್ಲುವುದಿಲ್ಲ. ಅಡುಗೆಮನೆಯ ಮಾಡದಲ್ಲಿ ಚಾರ್ಜರಿಗೆ ಅಂಟಿಕೊಂಡು ಬೆಳಗಿನ ಹಾಡು ನುಡಿಸುತ್ತೇನೆ. ಯಾರು ಎಲ್ಲಿ ಹೋದರೆಂದು ನನಗೀಗ ತಿಳಿಯುವುದಿಲ್ಲ, ಬೇಸರವೂ ಇಲ್ಲ. ಅವರು ಎಲ್ಲಿದ್ದಾರೆಂಬುದಷ್ಟೇ ನನಗೆ ಅಂದೂ ಗೊತ್ತಿದ್ದದ್ದು, ಮನಸ್ಸಿನಲ್ಲೇನಿದೆ ಎಂದಲ್ಲ.

ಕಳೆದ ಭಾನುವಾರ, ಕೊಳ ಎಲ್ಲರಿಗೂ ತೆರೆದಿರುವ ದಿನ, ತಾಯಿ ಮಗ ಇಬ್ಬರೂ ಒದ್ದೆ ತಲೆಯಲ್ಲೇ ಮನೆಗೆ ಬಂದರು.

"ಮೂಗಿನಾಗೆಲ್ಲ ನೀರು ಹೊಕ್ಕೈತಿ ಅವ್ವಾ," ಎಂದ ಬಸವಪ್ರಭು.

"ಮೊದಲನೇ ದಿನ ನನಗೂ ಹೊಕ್ಕಿತ್ತು," ಎನ್ನುತ್ತ ಇಂದುಮತಿಯವರು ಚಹಾಕ್ಕೆ ನೀರಿಟ್ಟರು.