ಬೀರುವಿನ ಕೆಳತುದಿ

ಬೀರು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಾಗ ಮೇಲಿದ್ದ ತಮ್ಮ ಏದುಸಿರು ಬಿಡುತ್ತಿದ್ದ, ಕೆಳಗಿದ್ದ ಅಣ್ಣ ನಗುತ್ತಿದ್ದ. ಮನೆ ಸಾಮಾನು ಸಾಗಿಸುವವರಿಗೆ ಗೊತ್ತು, ಮೆಟ್ಟಿಲಲ್ಲಿ ಭಾರವೆಲ್ಲ ಕೆಳಗಿನವನದು. ಮೇಲಿನವನು ದಾರಿ ತೋರಿಸುವವನು, ಅಷ್ಟೇ. ಕಸುಬಿಗೆ ಇಳಿದಾಗಿನಿಂದ ಕೆಳತುದಿ ಅಣ್ಣನದೇ. ಮನೆಯಲ್ಲಿ ಅವನ ಮಾತು ನಡೆಯುತ್ತಿದ್ದುದೂ ಅದರಿಂದಲೇ.

ಆ ತುದಿ ಈ ವರ್ಷ ಕೈತಪ್ಪುವುದರಲ್ಲಿತ್ತು. ಕೊಲೆಸ್ಟ್ರಾಲ್ ಏರಿದೆ ಎಂದು ಡಾಕ್ಟರು ಸ್ಟ್ಯಾಟಿನ್ ಮಾತ್ರೆ ಬರೆದುಕೊಟ್ಟಿದ್ದರು. ಅಪ್ಪ ಎದೆ ಹಿಡಿದುಕೊಂಡೇ ಸತ್ತವನು. ಹಾಗಾಗಿ ಹೆಂಡತಿ ಪಟ್ಟುಬಿಡದೆ ನುಂಗಿಸಿದಳು. ಸ್ವಲ್ಪ ದಿನಕ್ಕೆ ತೊಡೆ ಹಿಡಿಯತೊಡಗಿತು, ಮೀನಖಂಡ ಕಲ್ಲಾಯಿತು. ಕೆಲವರಿಗೆ ಹಾಗಾಗುವುದುಂಟು, ನೋಡೋಣ, ಬೇಕಾದರೆ ಬೇರೆ ಮಾತ್ರೆ ಕೊಡುತ್ತೇನೆ ಎಂದರು ಡಾಕ್ಟರು. ನೋಡುವ ತಾಳ್ಮೆ ಇವನಿಗೆಲ್ಲಿ? ಹೆಂಡತಿಯ ಕಣ್ಣೆದುರೇ ಮಾತ್ರೆಗಳನ್ನು ಕಸದ ಬುಟ್ಟಿಗೆ ಎಸೆದ. ವಾರ ಕಳೆಯುವುದರೊಳಗೆ ಕಾಲು ಹಗುರಾಯಿತು. ಆಮೇಲೆ ಅವನ ಬಾಯಿಗೆ ಬೀಗವಿಲ್ಲ. ಡಾಕ್ಟರು ವಿಷ ಬರೆದರು, ಇವಳು ಉಣಿಸಿದಳು, ತಾನು ಹೇಗೋ ಬದುಕಿಕೊಂಡೆ ಎಂದು ಬಂದವರಿಗೆಲ್ಲ ಸಾರಿದ.

ಬೀರು ಏರಿಸಿ ಬಂದ ಸಂಜೆಯೂ ಅದೇ ಹಾಡು. ತಮ್ಮ ಮತ್ತು ಅವನ ಹೆಂಡತಿ ಊಟಕ್ಕೆ ಬಂದಿದ್ದರು.

"ನನ್ನ ಕಾಲು ಮುರಿದು ಮೂಲೇಲಿ ಕೂರಿಸ್ಬೇಕು ಅಂತಿದ್ಲು ಇವಳು," ಎಂದ ಅಣ್ಣ. "ಅಪ್ಪನ ಹೆಸರು ಹೇಳ್ಕೊಂಡು."

ಅಣ್ಣನ ಹೆಂಡತಿ ತಟ್ಟೆ ಎತ್ತುತ್ತಿದ್ದಳು. ಇಂಥ ಮಾತನ್ನು ಇಷ್ಟು ದಿನ ಹೊಟ್ಟೆಗೆ ಹಾಕಿಕೊಂಡಿದ್ದವಳಿಗೆ ಓರಗಿತ್ತಿ ನಕ್ಕದ್ದು ಮಾತ್ರ ತಡೆಯಲಾಗಲಿಲ್ಲ.

"ಮಾತ್ರೆ ಬಿಟ್ಟಿದ್ದೀರಾ ನೀವು? ಬುಟ್ಟಿಯಿಂದ ಎತ್ತಿಟ್ಕೊಂಡು ದಿನಾ ನಿಮ್ಮ ಹಾಲಿಗೆ ಪುಡಿ ಮಾಡಿ ಹಾಕ್ತಿದ್ದೀನಿ. ಒಂದು ದಿನಾನೂ ತಪ್ಪಿಸಿಲ್ಲ. ಎಲ್ಲಿ ಹೋಯ್ತು ನಿಮ್ಮ ನೋವು?"

ಯಾರೂ ನಗಲಿಲ್ಲ. ತಮ್ಮ ಚಪ್ಪಲಿ ಹುಡುಕಿದ. ಅಣ್ಣನಿಗೆ ಬರಬೇಕಾದದ್ದು ಸಿಟ್ಟು, ಬಂದದ್ದು ನಾಚಿಕೆ. ಕದ್ದು ಮದ್ದು ಹಾಕಿದವಳು ಅವಳು, ತಲೆ ತಗ್ಗಿಸಿದವನು ಇವನು, ಚೆನ್ನಾಗಿದೆ ನ್ಯಾಯ. ಗೆದ್ದವಳ ಮುಖದಲ್ಲೂ ಗೆಲುವು ಇರಲಿಲ್ಲ.

ಮರುದಿನ ಬೇರೊಂದು ಮನೆ, ವಾಷಿಂಗ್ ಮೆಷಿನ್. ಮೊದಲ ಮಹಡಿ ದಾಟುವಷ್ಟರಲ್ಲಿ ತೊಡೆ ಹಿಡಿಯಿತು. ನಿನ್ನೆಯವರೆಗೆ ಇಲ್ಲದ್ದು ಇವತ್ತು ಎಲ್ಲಿಂದ ಬಂತು, ಇದು ಸುಳ್ಳು ನೋವು ಎಂದು ತನಗೆ ತಾನೇ ಹೇಳಿಕೊಂಡ. ಸುಳ್ಳೋ ನಿಜವೋ, ಕಾಲು ನಡುಗಿತು, ಭಾರ ಎದೆಯ ಮೇಲೆ ಕೂತಿತು.

"ನೀನು ಕೆಳಗೆ ಬಾ," ಎಂದ.

ತಮ್ಮ ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಮೆಷಿನ್ನನ್ನು ಮೆಟ್ಟಿಲಿಗೆ ಆನಿಸಿ, ಗೋಡೆಯ ಸಂದಿಯಲ್ಲಿ ನುಸುಳಿ ಬಂದು, ಎಷ್ಟೋ ದಿನದಿಂದ ಕಾದಿದ್ದವನಂತೆ ಕೆಳತುದಿಗೆ ಹೆಗಲು ಕೊಟ್ಟ.

ಸಂಜೆ ಊಟವಾದ ಮೇಲೆ ಹೆಂಡತಿ ಈಗ ಮುಚ್ಚುಮರೆಯಿಲ್ಲದೆ ಮಾತ್ರೆ, ನೀರು ತಂದಿಟ್ಟಳು. ನಾಳೆ ಡಾಕ್ಟರ ಹತ್ತಿರ ಹೋಗಿ ಬೇರೆ ಬರೆಸೋಣ ಎಂದಳು. ದನಿ ಮೆತ್ತಗಿತ್ತು. ಅವನು ಮಾತ್ರೆ ನುಂಗಿ, ನೀರು ಕುಡಿದು, ಅವಳತ್ತ ತಿರುಗಿ ಬಾಯಿ ಅಗಲಿಸಿ, ನಾಲಿಗೆ ಎತ್ತಿ ತೋರಿಸಿದ.

ತೋರಿಸಿ ಎಂದು ಅವಳು ಕೇಳಿರಲಿಲ್ಲ. ಆದರೂ ಬಗ್ಗಿ ನೋಡಿದಳು.