ತಿರುಗುವ ಕತ್ತು

ಹುಡುಗಿ ಮನೆ ಬಿಟ್ಟು ಹೊರಡಬೇಕು, ಹಿಂತಿರುಗಿ ನೋಡಬಾರದು. ಈ ಕಾರ್ಟೂನ್ ಸಿನಿಮಾದಲ್ಲಿ ನನ್ನ ಪಾಲಿಗೆ ಬಂದದ್ದು ಇಷ್ಟೇ. ಹಾಳೆಯ ಮೇಲೆ ಹಾಳೆ ಬರೆದು ಚಿತ್ರಗಳನ್ನು ನಡೆಸುವುದು ನನ್ನ ಕಸುಬು. ಆನೆಯನ್ನು ಕುಣಿಸಿದ್ದೇನೆ, ಮುದುಕನನ್ನು ಮರ ಹತ್ತಿಸಿದ್ದೇನೆ. ಈ ಪುಟ್ಟಿ ಮಾತ್ರ ನನಗೆ ಸೊಪ್ಪು ಹಾಕುತ್ತಿಲ್ಲ. ಬಾಗಿಲು ದಾಟಿದ್ದೇ ತಡ, ಕತ್ತು ಹಿಂದಕ್ಕೆ ತಿರುಗಿಸುತ್ತಾಳೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ.

ನಾನು ಬರೆದುಕೊಟ್ಟಷ್ಟೂ ಸಲ ನಿರ್ದೇಶಕರು ವಾಪಸು ಕಳಿಸಿದ್ದಾರೆ. ನಾಳೆ ಬೆಳಿಗ್ಗೆಯೊಳಗೆ ಸರಿಯಾಗದಿದ್ದರೆ ದೃಶ್ಯ ಬೇರೆಯವರ ಕೈಗೆ ಹೋಗುತ್ತದೆ, ಬಹುಶಃ ಮುಂದಿನವೂ.

ತಪ್ಪೆಲ್ಲಿ ಎಂದು ನನಗೆ ಗೊತ್ತು. ಬರೆಯುವ ಮೊದಲು ನಾವು ಎದ್ದು ನಿಂತು ಅಭಿನಯಿಸಿ ನೋಡುತ್ತೇವೆ. ಮೈ ಕಲಿತದ್ದನ್ನೇ ಪೆನ್ಸಿಲ್ ಬರೆಯುವುದು. ನಾನು ಬಾಗಿಲ ಹತ್ತಿರ ಹೋದರೆ ಸಾಕು, ಒಳಗಿಂದ ಅಮ್ಮ ಕರೆಯುತ್ತಾಳೆ. ಎಲ್ಲಿಗೆ, ಯಾಕೆ, ಕೊಡೆ ಬೇಡವಾ, ಗ್ಯಾಸ್ ಆರಿಸಿದೆಯಾ. ಅಪ್ಪ ಹೋದಮೇಲೆ ಅವಳ ಮನಸ್ಸಿಗೂ ಮಂಡಿಗೂ ನಾನೊಬ್ಬಳೇ ಆಸರೆ. ಅದು ಗೊತ್ತಿದ್ದೂ ಕೆಲವು ದಿನ ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸುತ್ತದೆ. ಚಿತ್ರ ಬರೆಯಲು ಗಾಜಿನಡಿ ದೀಪವಿರುವ ನನ್ನ ಮೇಜು, ಅಮ್ಮನ ಮಂಚ, ಅಡುಗೆಮನೆ. ನನ್ನ ಭೂಗೋಳವೆಲ್ಲ ಅಷ್ಟೇ.

ಇವತ್ತು ಸಿಟ್ಟು ತಡೆಯಲಾಗದೆ ಹಾಳೆಗಳ ಕಟ್ಟನ್ನು ಅಮ್ಮನ ಮುಂದೆ ಹಿಡಿದು ಸರಸರನೆ ಮಗುಚಿ ತೋರಿಸಿದೆ. ಹುಡುಗಿ ನಡೆದಳು, ಹೊಸ್ತಿಲು ದಾಟಿದಳು, ತಿರುಗಿದಳು. ಅಮ್ಮ ಇನ್ನೊಮ್ಮೆ ತೋರಿಸು ಎಂದಳು. ತೋರಿಸಿದೆ.

"ಇವಳನ್ನ ಯಾರು ಕರೀತಿದಾರೆ?"

"ನೀನೇ," ಎಂದೆ. ಮಾತು ಬಾಯಿಂದ ಜಾರಿಹೋಗಿತ್ತು.

ಅಮ್ಮ ಕನ್ನಡಕ ತೆಗೆದಳು, ಒರೆಸಿದಳು, ಮತ್ತೆ ಹಾಕಿಕೊಂಡಳು.

"ಬೀದಿ ಕೊನೆವರೆಗೂ ನಡ್ಕೊಂಡು ಹೋಗಿ ನೋಡು. ನಾನು ಕರೆಯಲ್ಲ."

ಮೆಟ್ಟಿಲಿಳಿದೆ. ಕರೆ ಬರಲಿಲ್ಲ. ಲಾಂಡ್ರಿ ದಾಟಿದೆ, ಬೀಗ ರಿಪೇರಿಯ ಅಂಗಡಿ ದಾಟಿದೆ. ಹಿಮ್ಮಡಿ ಹೇಗೆ ಏಳುತ್ತದೆ, ಭುಜ ಹೇಗೆ ಸಡಿಲವಾಗುತ್ತದೆ ಎಂದು ಮನಸ್ಸಿನಲ್ಲೇ ಬರೆದುಕೊಳ್ಳುತ್ತಾ ನಡೆದೆ. ನಿಜಕ್ಕೂ ಖುಷಿಯಾಗಿತ್ತು. ಬೀದಿಯ ತಿರುವು ಇನ್ನೇನು ಬಂತು ಅನ್ನುವಾಗ, ಅಮ್ಮ ಯಾಕೆ ಕರೆಯಲಿಲ್ಲ, ಎಲ್ಲಾದರೂ ಬಿದ್ದಳೋ ಏನೋ ಅನ್ನಿಸಿತು. ಹಾಳಾದ ಕತ್ತು ತಾನಾಗಿ ತಿರುಗಿತು.

ಅಮ್ಮ ಕಿಟಕಿಯಲ್ಲಿ ನಿಂತಿದ್ದಳು, ಎರಡೂ ಕೈಗಳಿಂದ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡು.