ಕರಿ ಎರಡರಲ್ಲಿ ಗುನುಗಿದ ಹಲ್ಲಿನ ಬ್ರಷ್ಷು

ಗದಗಿನ ಮೌನೇಶಪ್ಪ ಬಡಿಗೇರರು ತಮ್ಮ ಹಲ್ಲನ್ನು ತಾವೇ ಉಜ್ಜಿಕೊಂಡ ಆ ಬೆಳಗು ನನ್ನ ನೆನಪಿನಲ್ಲಿ ಇನ್ನೂ ಮಾಸಿಲ್ಲ. ಇದೂ ಒಂದು ಸಾಧನೆಯೇ ಎಂದು ನೀವು ನಗಬಹುದು, ನಗಿರಿ. ಎರಡೂ ಕೈ ನೆಟ್ಟಗಿರುವವರಿಗೆ ಹಲ್ಲುಜ್ಜುವುದು ಲೆಕ್ಕಕ್ಕೆ ಬರುವ ಕೆಲಸವಲ್ಲ. ಆದರೆ ಲಕ್ವ ಹೊಡೆದು ಬಲಗೈ ಜೋತುಬಿದ್ದ ಹಿರಿಯರೊಬ್ಬರು ಕನ್ನಡಿಯ ಮೇಲೆಲ್ಲ ಪೇಸ್ಟು ಸಿಡಿಸಿ, ಕನ್ನಡಕಕ್ಕೆ ನೊರೆ ಹಚ್ಚಿಕೊಂಡು, ಕಡೆಗೆ ಬಾಯಿ ಮುಕ್ಕಳಿಸಿ ತಲೆಯೆತ್ತಿ ನಿಂತಾಗ ನಾನು ಅವರ ಎಡಗೈಯಲ್ಲಿದ್ದೆ. ನನ್ನ ಬಾಳಿನಲ್ಲಿ ಹೇಳಿಕೊಳ್ಳಬಹುದಾದದ್ದು ಅದೊಂದೇ. ಉಳಿದದ್ದೆಲ್ಲ ಆಯಾಸ.

ನಾನು ಬ್ಯಾಟರಿಯಿಂದ ನಡೆಯುವ ಹಲ್ಲಿನ ಬ್ರಷ್ಷು. ಎಲ್ಲಿಯದೋ ಒಂದು ಕಾರ್ಖಾನೆಯಲ್ಲಿ ಬಿಸಿ ಪ್ಲಾಸ್ಟಿಕ್ಕು ಅಚ್ಚಿಗಿಳಿದು ತಣಿದಾಗ ನನಗೊಂದು ಮೈ ಬಂತು. ಅದರೊಳಗೆ ಕಿರುಬೆರಳಿನ ತುದಿಯಷ್ಟು ಮೋಟರನ್ನೂ ಒಂದು ತೆಳುವಾದ ಸ್ಪ್ರಿಂಗನ್ನೂ ಇಟ್ಟರು. ನನ್ನನ್ನು ರೂಪಿಸಿದವರು ಅಂದಕ್ಕೆ ಕೊಟ್ಟ ಗಮನವನ್ನು ಬಳಕೆಗೆ ಕೊಡಲಿಲ್ಲ. ಮೈಯನ್ನು ದುಂಡಗೆ, ನುಣ್ಣಗೆ ಮಾಡಿದರು. ಎಲ್ಲಿ ಮಲಗಿಸಿದರೂ ಉರುಳುವುದು, ಯಾರು ಹಿಡಿದರೂ ಜಾರುವುದು ನನ್ನ ಸ್ವಭಾವವಾಯಿತು. ಕುತ್ತಿಗೆಯ ಕೆಳಗೆ ಕಡಲೆಕಾಳಿನಷ್ಟು ಗುಂಡಿಯೊಂದನ್ನು ಉಬ್ಬಿಸಿಟ್ಟರು. ಬೇಡವಾದಾಗ ಅದು ತಾನಾಗಿ ಒತ್ತಿಕೊಳ್ಳುತ್ತಿತ್ತು. ಬೇಕಾದಾಗ ಒದ್ದೆ ಬೆರಳಿಗೆ ಸಿಕ್ಕುತ್ತಿರಲಿಲ್ಲ. ಸೆಲ್ಲಿನ ಶಕ್ತಿ ಎಷ್ಟು ಉಳಿದಿದೆ ಎಂದು ತಿಳಿಸಲು ಒಂದು ದೀಪವನ್ನೂ ಇಡಲಿಲ್ಲ. ಬುಡದ ಮುಚ್ಚಳವಂತೂ ಎಷ್ಟು ತಿರುಗಿಸಿದರೂ ಕೂದಲೆಳೆಯಷ್ಟು ಸಂದು ಬಿಡುತ್ತಿತ್ತು. ದಿನವೂ ನೀರಿನಲ್ಲಿ ಬಾಳಬೇಕಾದವನನ್ನು ನೀರು ನುಗ್ಗುವಂತೆ ಮಾಡಿ ಕಳುಹಿಸಿದವರ ಬುದ್ಧಿಗೆ ಏನು ಹೇಳಲಿ!

ನನ್ನನ್ನು ಮೊದಲು ಕೊಂಡವನು ಈರಣ್ಣ, ಮೌನೇಶಪ್ಪನವರ ತಮ್ಮನ ಮಗ. ಔಷಧದ ಕಂಪನಿಯ ಕೆಲಸಕ್ಕಾಗಿ ಊರೂರು ತಿರುಗುವ ಹುಡುಗ. ಒಮ್ಮೆ ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಬಸ್ಸಿನಲ್ಲಿ ಅವನ ಚೀಲದೊಳಗೆ ನನ್ನ ಗುಂಡಿ ಒತ್ತಿಕೊಂಡಿತು. ನಾನು ಗುಂಯ್‌ಗುಟ್ಟತೊಡಗಿದೆ. ಕಂಡಕ್ಟರು ಸೀಟಿ ಊದಿ ಬಸ್ಸು ನಿಲ್ಲಿಸಿದ.

"ಯಾರ ಚೀಲರೀ ಇದು? ಒಳಗೇನ ಗುಂಯ್ ಅಂತೈತಿ?"

"ಜೇನಹುಳಾ ತುಂಬ್ಯಾನೇನ ನೋಡ್ರೆಪಾ!" ಎಂದು ಮುಂದಿನ ಸೀಟಿನ ಮುದುಕಿ ಸೆರಗು ಎಳೆದುಕೊಂಡು ಎದ್ದು ನಿಂತಳು.

ಈರಣ್ಣ ನನ್ನನ್ನು ಹೊರಗೆ ತೆಗೆದು ತೋರಿಸಿ, "ಹಲ್ಲ ತಿಕ್ಕೋ ಬ್ರಷ್ ರೀ," ಎಂದ.

"ಹಲ್ಲ ತಿಕ್ಕಾಕೂ ಮಷೀನ್ ಬೇಕಾತೇನಪಾ ನಿನಗ? ನಾಳಿಗೆ ಉಣ್ಣಾಕೂ ಒಂದ ತಗೋ!" ಎಂದಳು ಮುದುಕಿ.

ಬಸ್ಸಿಗೆ ಬಸ್ಸೇ ನಕ್ಕಿತು. ಆ ದಿನವೇ ಅವನು ನನ್ನ ಸೆಲ್ಲು ಕಿತ್ತ; ಊರು ಸೇರಿದ ಮೇಲೆ ನನ್ನನ್ನು ಕಪಾಟಿನ ಮೂಲೆಗೆ ತಳ್ಳಿದ. ಅಲ್ಲಿ ನಾನು ಬಹಳ ಕಾಲ ಧೂಳಿನ ಜೊತೆ ಮಲಗಿದೆ. ನಿಜ ಹೇಳಬೇಕೆಂದರೆ, ಅದು ನೆಮ್ಮದಿಯ ಕಾಲವೇ ಆಗಿತ್ತು.

ಅಲ್ಲಿಂದ ನನ್ನನ್ನು ಎಬ್ಬಿಸಿದ್ದು ಮೌನೇಶಪ್ಪನವರಿಗೆ ಬಂದ ಕಷ್ಟ. ಅವರು ಗದಗಿನಲ್ಲಿ ಪೇಟಿ ರಿಪೇರಿಗೆ ಹೆಸರಾದವರು. ಆ ಕಡೆ ಹಾರ್ಮೋನಿಯಮ್ಮನ್ನು ಪೇಟಿ ಎನ್ನುತ್ತಾರೆ. ಪೇಟಿಗೆ ಗಾಳಿ ತುಂಬುವ ತಿದಿಗೆ ಹೊಸ ಚರ್ಮ ಅಂಟಿಸುವುದು, ಹಿತ್ತಾಳೆಯ ನಾಲಿಗೆಗಳನ್ನು ಅರದಿಂದ ತೀಡಿ ಸ್ವರಕ್ಕೆ ತರುವುದು ಅವರ ಬದುಕಾಗಿತ್ತು. ಲಕ್ವದಿಂದ ಬಲಗೈ ಹೋದದ್ದನ್ನು ಅವರು ಹೇಗೋ ನುಂಗಿಕೊಂಡರು. ಮಗ ಗಂಗಾಧರ ಅಂಗಡಿ ನೋಡಿಕೊಂಡ; ಸೊಸೆ ಸುಮಂಗಲಾ ಊಟ ಕಲೆಸಿಕೊಟ್ಟಳು. ಆದರೆ ಹಲ್ಲುಜ್ಜಲು ಬಂದ ಸೊಸೆಯ ಮುಂದೆ ಮಾತ್ರ ಅವರು ತುಟಿ ಬಿಗಿದು ಕುಳಿತುಬಿಟ್ಟರು.

"ಬಾಯಾಗ ಇನ್ನೊಬ್ಬರ ಕೈ ಹಾಕಿಸ್ಕೊಳ್ಳಾಕ ನಾ ಏನ ಹಸಗೂಸೇನವಾ?"

ಎಡಗೈಯಿಂದ ಸಾದಾ ಬ್ರಷ್ಷು ಆಡಿಸಲು ಅವರಿಗೆ ಆಗಲಿಲ್ಲ. ಅದು ಹಲ್ಲು ಬಿಟ್ಟು ಕೆನ್ನೆಗೆ ಚುಚ್ಚುತ್ತಿತ್ತು. ಬರುಬರುತ್ತಾ ಅವರು ಎದುರು ಕುಳಿತವರೊಡನೆ ಮಾತು ಕಡಿಮೆ ಮಾಡಿದರು, ಮೊಮ್ಮಗಳು ಶ್ರಾವಣಿ ತೊಡೆಯೇರಿದರೆ ಮುಖ ಆಚೆ ತಿರುಗಿಸಿದರು. ಒಂದು ದಿನ ಆ ಮಗು ಕೇಳಿಯೇ ಬಿಟ್ಟಿತು: "ಅಜ್ಜ, ನನ್ನ ಮ್ಯಾಲೆ ಸಿಟ್ಟೇನ?" ಅವರು ಮುಖ ತಿರುಗಿಸಿಕೊಂಡೇ ಅವಳ ತಲೆ ಸವರಿದರು. ಬಾಯಿ ತೆರೆದರೆ ವಾಸನೆ ಬಂದೀತೆಂಬ ಹೆದರಿಕೆ.

ಸುದ್ದಿ ಕೇಳಿದ ಈರಣ್ಣ ನನ್ನನ್ನು ತಂದು ಅವರ ಕೈಗಿಟ್ಟ. "ದೊಡ್ಡಪ್ಪ, ಇದನ್ನ ಆಡಿಸೋದ ಬ್ಯಾಡ. ಸುಮ್ನ ಹಿಡಕೊಂಡ್ರ ಸಾಕು, ತಾನ ತಿಕ್ಕತೈತಿ."

ಸುಮ್ಮನೆ ಹಿಡಿದುಕೊಳ್ಳುವುದು! ನನ್ನನ್ನು ಸುಮ್ಮನೆ ಹಿಡಿದುಕೊಂಡವರು ಯಾರೂ ಇರಲಿಲ್ಲ. ಮೊದಲು ಗುಂಡಿ ಒತ್ತಿದರೆ ಪೇಸ್ಟು ಸಿಡಿಯಿತು. ಬಾಯಿಗಿಟ್ಟು ಒತ್ತಲು ಹೋದರೆ ನಾನೇ ಜಾರಿದೆ. ಬೇಸಿನ್ನಿನ ಅಂಚಿಗೆ ಇಟ್ಟರೆ ಉರುಳಿ ನೆಲಕ್ಕೆ ಬಿದ್ದೆ. ಮೌನೇಶಪ್ಪನವರು ನನ್ನನ್ನು ಎತ್ತಿಕೊಂಡು, ಕೆಟ್ಟ ಪೇಟಿಯನ್ನು ನೋಡುವಂತೆ ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದನ್ನ ಮಾಡಿದಾಂವಾ ಒಂದಿನಾನೂ ಹಲ್ಲ ತಿಕ್ಕಿಲ್ಲ," ಎಂದರು. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ಅವರ ಧ್ವನಿ ಕೇಳಿಸಿತ್ತು.

ಮರುದಿನ ಅವರು ಅಂಗಡಿಯಲ್ಲಿ ತಮ್ಮ ಹಳೆಯ ಮಣೆಯ ಮೇಲೆ ಕುಳಿತರು. ತಿದಿಗೆ ಹಾಕುವ ಮೆತ್ತನೆಯ ಚರ್ಮವನ್ನು ಪಟ್ಟಿಯಾಗಿ ಕತ್ತರಿಸಿಕೊಂಡು, ಅಂಟು ಸವರಿ, ಎಡಗೈಯಿಂದಲೇ ನನ್ನ ಮೈಗೆ ಸುತ್ತಿದರು. ಚರ್ಮದ ತುದಿಯನ್ನು ಶ್ರಾವಣಿ ಎರಡೂ ಕೈಯಿಂದ ಜಗ್ಗಿ ಹಿಡಿದಿದ್ದಳು. "ಸಡ್ಲ ಬಿಡಬ್ಯಾಡ ಮಗಳ, ಗಾಳಿ ಹೊಕ್ಕೀತು!" ಎಂದು ಗದರಿದರು. ಬುಡದ ಮುಚ್ಚಳದ ಸಂದಿನ ಮೇಲೂ ಚರ್ಮ ಬಂತು. ಸೆಲ್ಲು ಬದಲಿಸುವಾಗ ಬಿಚ್ಚಿ ಮತ್ತೆ ಸುತ್ತಲು ಅಲ್ಲೊಂದು ದಾರ ಕಟ್ಟಿದರು. ಗುಂಡಿಯ ಮೇಲೆ ಹಳೆಯ ಪೇಟಿಯಿಂದ ಕಿತ್ತ, ಎಳೆದು ತಳ್ಳುವ ಬಿಳಿಯ ಗುಬ್ಬಿಯೊಂದನ್ನು ಅಂಟಿಸಿದರು. ಯಾವ ಬೆರಳಿಗೂ ಎಟಕುವಷ್ಟು ದಪ್ಪ ಗುಬ್ಬಿ. ನಾನು ಉರುಳುವುದನ್ನು ಮರೆತೆ, ಜಾರುವುದನ್ನು ಬಿಟ್ಟೆ.

ಅದಾದ ಮೇಲೂ ಸುಲಭವಾಗಲಿಲ್ಲ. ಕನ್ನಡಿ, ಕನ್ನಡಕ, ಅಂಗಿಯ ಎದೆ, ಎಲ್ಲಕ್ಕೂ ನೊರೆಯ ಅಭಿಷೇಕವಾಯಿತು. ಬಾಗಿಲಾಚೆ ನಿಂತ ಸುಮಂಗಲಾ "ಮಾವಾರ, ಒಳಗ ಬರ್ಲೇನ್ರಿ?" ಎಂದಾಗಲೆಲ್ಲ "ಬಂದಿ ಅಂದ್ರ ನೋಡ ಮತ್ತ!" ಎಂಬ ಗುಡುಗು. ಕೊನೆಗೊಂದು ಬೆಳಗ್ಗೆ ನಾನು ಅವರ ದವಡೆಯೊಳಗೆ ಸರಿಯಾಗಿ ಕೂತು ಗುನುಗಿದೆ. ಅವರು ಗಕ್ಕನೆ ಉಜ್ಜುವುದನ್ನು ನಿಲ್ಲಿಸಿ ಕಣ್ಣರಳಿಸಿದರು. ನನ್ನ ದನಿ ಹಲ್ಲಿನಿಂದ ತಲೆಬುರುಡೆಗೇರಿ ಅವರ ಕಿವಿಯನ್ನು ಒಳಗಿನಿಂದ ಮುಟ್ಟಿತ್ತು. ಎಲ್ಲ ಹಲ್ಲೂ ಮುಗಿಸಿ, ಮುಕ್ಕಳಿಸಿ, ಬಾಗಿಲು ತೆರೆದು ಅವರು ಕೂಗಿದ್ದು ಒಂದೇ ಮಾತು:

"ಕರಿ ಎರಡು ಐತ್ಯೋ ಗಂಗಾಧರಾ! ಇದರ ಸುರ ಕರಿ ಎರಡು!"

ಪೇಟಿಯ ಎಡಗಡೆಯಿಂದ ಎರಡನೆಯ ಕರಿಯ ಕೀ ಒತ್ತಿದರೆ ಬರುವ ಸ್ವರವದು. ಆ ಬೆಳಗ್ಗೆ ಅವರು ಶ್ರಾವಣಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಮುಖಕ್ಕೆ ಮುಖ ಕೊಟ್ಟು, ತಮ್ಮ ಗೆಲುವಿನ ಕಥೆಯನ್ನು ಹೇಳಿದರು. ನೊರೆ ಸಿಡಿದದ್ದನ್ನು ಯುದ್ಧವೆಂಬಂತೆ ಬಣ್ಣಿಸಿದರು. ಮಗು ಬಿದ್ದು ಬಿದ್ದು ನಕ್ಕಿತು.

ಮುಂದೆ ನನಗೆ ದೀಪವಿಲ್ಲದ ಕೊರತೆಯೂ ಕಾಡಲಿಲ್ಲ. ಸೆಲ್ಲು ಸೋತಂತೆ ನನ್ನ ದನಿ ಇಳಿಯುತ್ತಿತ್ತು. ಬಚ್ಚಲಿನಿಂದಲೇ "ಸುರ ಇಳದೈತಿ, ಹೊಸಾ ಸೆಲ್ ತರ್ರಿ" ಎಂಬ ಅಪ್ಪಣೆ ಬರುತ್ತಿತ್ತು. ಹಾಗೆ ವರ್ಷಗಳು ಸಂದವು. ನನ್ನ ಎಳೆಗಳು ಬಾಗಿದವು. ನನಗೆ ಹೊಂದುವ ಬದಲಿ ತಲೆಗಳು ಅಂಗಡಿಗಳಲ್ಲಿ ಸಿಗದಂತಾದವು. ಅವರ ಎಡಗೈಯೂ ಮೆಲ್ಲಗೆ ನಡುಗತೊಡಗಿತ್ತು. ನಾವಿಬ್ಬರೂ ದಣಿದಿದ್ದೆವು, ಒಬ್ಬರ ದಣಿವನ್ನು ಇನ್ನೊಬ್ಬರು ಕಾಣದಂತೆ ನಡೆದುಕೊಂಡೆವು.

ಒಂದು ಮುಂಜಾನೆ ಹೊಸ ಸೆಲ್ಲು ಹಾಕಿದರೂ ನನ್ನ ಸ್ವರ ಏರಲಿಲ್ಲ. ಒಮ್ಮೆ ನರಳಿ ಸುಮ್ಮನಾದೆ. ಗಂಗಾಧರ ಚರ್ಮವನ್ನೆಲ್ಲ ಸೀಳಿ ತೆಗೆದು ನೋಡಿದ. ಒಳಗಿನ ಸ್ಪ್ರಿಂಗು ಹಸಿರುಗಟ್ಟಿ ಪುಡಿಯಾಗಿತ್ತು. ಸುತ್ತಿದ ಚರ್ಮ ದಿನದಿನದ ನೀರು ಕುಡಿದು, ಆರದೆ, ಆ ತೇವವನ್ನು ಸಂದಿನಲ್ಲೇ ಕಾಪಾಡಿಕೊಂಡು ಬಂದಿತ್ತು.

ಮೌನೇಶಪ್ಪನವರು ಆ ಚರ್ಮದ ಚೂರನ್ನು ಬೆರಳಲ್ಲಿ ಹಿಸುಕಿದರು. ನೀರು ಜಿನುಗಿತು. "ಜೀವನಾನ ಗಾಳಿ ಹಿಡಿಯೋದ್ರಾಗ ಕಳದೆ," ಎಂದರು. "ನೀರಿನ ಬುದ್ಧಿ ನನಗ ತಿಳಿಲಿಲ್ಲ ನೋಡು."

ನಾನು ಅವರನ್ನು ದೂರಲಾರೆ. ಅವರು ಸುತ್ತಿದ ಚರ್ಮದಿಂದಲೇ ಕೆಟ್ಟೆ, ನಿಜ. ಆದರೆ ಆ ಚರ್ಮ ಸುತ್ತುವ ತನಕ ನಾನು ಯಾರ ಕೈಯಲ್ಲೂ ನಿಂತವನಲ್ಲ.

"ಹುಬ್ಬಳ್ಳಿಯಿಂದ ಹೊಸಾದ ತರ್ತೀನ್ರಿ ಅಪ್ಪಾರ," ಎಂದ ಗಂಗಾಧರ. ಅವರು ನಡುಗುವ ಎಡಗೈಯನ್ನು ಎತ್ತಿ ಹಿಡಿದು, ಅದನ್ನೇ ನೋಡುತ್ತಾ ಕುಳಿತರು. ಆಮೇಲೆ ಅದನ್ನು ತೊಡೆಯ ಮೇಲೆ ಇಳಿಸಿದರು.

"ಬ್ಯಾಡ. ಸುಮಂಗಲಾ, ಸಾದಾ ಬ್ರಷ್ ತಗೊಂಡ ಬಾರವಾ."

ಅವಳು ಬಂದು ಎದುರಿಗೆ ಕುಳಿತಳು. ಅವರು ಕಣ್ಣು ಮುಚ್ಚಿ ಬಾಯಿ ತೆರೆದರು. ಅವಳು ಬ್ರಷ್ಷನ್ನು ಅವರ ಹಲ್ಲಿಗೆ ತಾಗಿಸಿ, ಅಳುಕು ಮರೆಯಲೆಂದು "ಕಚ್ಚಬ್ಯಾಡ್ರಿ ಮತ್ತ ಮಾವಾರ," ಎಂದಳು. ಉಜ್ಜುತ್ತ ಉಜ್ಜುತ್ತ, ಏನು ತೋಚಿತೋ, ಬಾಯಿ ಮುಚ್ಚಿಕೊಂಡೇ ನನ್ನಂತೆ ಗುನುಗತೊಡಗಿದಳು. ನೊರೆ ತುಂಬಿದ ಬಾಯಲ್ಲಿ ಅವರು ಹುಬ್ಬು ಗಂಟಿಕ್ಕಿದರು. ಎಡಗೈಯ ಬೆರಳೊಂದು ನಡುಗುತ್ತಾ ಮೇಲೆದ್ದು, ಇನ್ನೂ ಸ್ವಲ್ಪ ಮೇಲೆ, ಇನ್ನೂ ಸ್ವಲ್ಪ ಎಂದು ಸನ್ನೆ ಮಾಡಿತು. ಅವಳು ಸ್ವರ ಏರಿಸಿದಳು. ಕರಿ ಎರಡಕ್ಕೆ ಬಂದು ನಿಂತಾಗ ಬೆರಳು ಕೆಳಗಿಳಿಯಿತು.

ಈಗ ನಾನು ಅಂಗಡಿಯ ಹತ್ಯಾರಗಳ ಪೆಟ್ಟಿಗೆಯಲ್ಲಿದ್ದೇನೆ. ಅಕ್ಕಪಕ್ಕದಲ್ಲಿ ಸವೆದ ಅರಗಳು, ಸ್ವರ ಸತ್ತ ಹಿತ್ತಾಳೆಯ ನಾಲಿಗೆಗಳು. ಗಂಗಾಧರ ಆಗೊಮ್ಮೆ ಈಗೊಮ್ಮೆ ನನ್ನ ಬಾಗಿದ ಎಳೆಗಳಿಂದ ಪೇಟಿಯ ಧೂಳು ಝಾಡಿಸುತ್ತಾನೆ. ನೀರಿನ ಕಾಟವಿಲ್ಲ. ಬೆಳಗ್ಗೆ ಒಳಮನೆಯಿಂದ ಸುಮಂಗಲಾಳ ಗುನುಗು ಕೇಳಿ ನಿಂತ ಮೇಲೆ, ಮುಕ್ಕಳಿಸಿದ ಸದ್ದಾಗುತ್ತದೆ. ಅದರ ಹಿಂದೆಯೇ ಶ್ರಾವಣಿ ಓಡಿ ಬಂದು ಮೌನೇಶಪ್ಪನವರ ಪಕ್ಕ ಕೂರುತ್ತಾಳೆ.

"ಅಜ್ಜ, ನೀ ನಿನ್ನ ಕೈಲೇನ ಹಲ್ಲ ತಿಕ್ಕೊಂಡಿದ್ಯಲ್ಲಾ, ಆ ಕಥಿ ಹೇಳ."

"ನಿನ್ನೆ ಅಷ್ಟ ಹೇಳೇನಲ್ಲವಾ."

"ಇನ್ನೊಮ್ಮೆ ಹೇಳ."